‘ಯಾರೂ ಬಳಸುವುದಿಲ್ಲ’ ಎಂಬ ತೀರ್ಪು

ಹಳೆಯ ಪ್ರಿಂಟರ್, ಸ್ಕ್ಯಾನರ್, ಗ್ರಾಫಿಕ್ಸ್ ಕಾರ್ಡುಗಳನ್ನು ಕಂಪ್ಯೂಟರಿನ ಜೊತೆ ಮಾತಾಡಿಸುವ ಡ್ರೈವರ್ ತಂತ್ರಾಂಶವನ್ನು ಇವತ್ತಿಗೂ ತಿದ್ದುತ್ತ ಕೂತವರನ್ನು ಕಂಡರೆ ಸಾಫ್ಟ್‌ವೇರ್ ಜನರಿಗೆ ಒಂದು ಬಗೆಯ ಮರುಕ. ಒಳ್ಳೆಯ ಬುದ್ಧಿಯನ್ನು ಗುಜರಿಯ ಮೇಲೆ ಸುರಿಯುತ್ತಿದ್ದಾರಲ್ಲ ಎಂಬ ಭಾವ. ಅದರ ಹಿಂದೆ ಗಟ್ಟಿಯಾಗಿ ಬೇರೂರಿದ ಒಂದು ಅಭಿಪ್ರಾಯವಿದೆ: ಹಳೆಯ ಡ್ರೈವರ್ ಎಂದರೆ ಹೊರೆ, ಹಳೆಯ ಕೋಡ್ ಎಂದರೆ ಭದ್ರತೆಗೆ ಕುತ್ತು, ಹಳೆಯ ಯಂತ್ರ ಎಂದರೆ ಕರೆಂಟ್ ದಂಡ, ಮೇಲಾಗಿ ಅವನ್ನು ಯಾರೂ ಬಳಸುವುದಿಲ್ಲ. ಆದ್ದರಿಂದ ಕಿತ್ತುಹಾಕಿ ಮುಂದೆ ನಡೆಯುವುದೇ ಎಂಜಿನಿಯರಿಂಗ್ ವಿವೇಕ.

ಇದನ್ನು ನಾನು ಒಪ್ಪುವುದಿಲ್ಲ. ಈ ನಾಲ್ಕು ಮಾತುಗಳಲ್ಲಿ ಮೊದಲ ಮೂರು ಅರ್ಧಸತ್ಯ, ಕೊನೆಯದು ಸುಳ್ಳು. ಆ ಸುಳ್ಳಿನ ಬೆಲೆ ತೆರುವವರಂತೂ ಈ ತೀರ್ಮಾನ ಆಗುವ ಜಾಗದಲ್ಲಿ ಇರುವುದೇ ಇಲ್ಲ.

ಅವರು ಎಲ್ಲಿದ್ದಾರೆ ಎಂದು ನೋಡಲು ಯಾವುದಾದರೂ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಗಳ ಸಾಲಿಗೆ ಹೋಗಬೇಕು. ಅಫಿಡವಿಟ್, ಆದಾಯ ಪ್ರಮಾಣಪತ್ರದ ಅರ್ಜಿ, ಪಹಣಿ ಅಚ್ಚಾಗುವ ಮೇಜಿನ ಮೇಲೆ ಎಚ್‌ಪಿ ಲೇಸರ್‌ಜೆಟ್ 1020 ಇಲ್ಲವೇ ಕ್ಯಾನನ್ ಎಲ್‌ಬಿಪಿ 2900 ಇವತ್ತಿಗೂ ಕಾಣಸಿಗುತ್ತದೆ. ಎರಡೂ ಮಾರುಕಟ್ಟೆಗೆ ಬಂದು ಇಪ್ಪತ್ತು ವರ್ಷದ ಆಸುಪಾಸು. ಎರಡೂ ಗಟ್ಟಿ ಯಂತ್ರಗಳು. ಪಿಕ್‌ಅಪ್ ರೋಲರ್ ಸವೆದು ಕಾಗದ ಎಳೆಯದಿದ್ದರೆ ಹೊಸ ರೋಲರ್ ಸಿಗುತ್ತದೆ. ಫ್ಯೂಸರಿನ ಟೆಫ್ಲಾನ್ ಹರಿದರೆ ಬದಲಿಸಿಕೊಡುವ ಹುಡುಗರಿದ್ದಾರೆ. 12ಎ ಕಾರ್ಟ್ರಿಜ್‌ಗೆ ಪುಡಿ ತುಂಬಿ, ಬೇಕಿದ್ದರೆ ಡ್ರಮ್ಮು, ಬ್ಲೇಡು ಬದಲಿಸಿ ಅರ್ಧ ಗಂಟೆಯಲ್ಲಿ ಕೈಗಿಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಊರಲ್ಲಿ ಸಿಗದ್ದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಬಹುದು. ಈ ಪ್ರಿಂಟರುಗಳ ಸುತ್ತ ರಿಪೇರಿಯ ಒಂದು ಪೂರ್ತಿ ಲೋಕವೇ ಬೆಳೆದಿದೆ. ಆ ಲೋಕದ ಕೈಗೆ ಸಿಗದ ಭಾಗ ಒಂದೇ ಒಂದು, ಅದು ಡ್ರೈವರ್.

1020ರ ಒಳಗೆ ಏನಾಗುತ್ತದೆ ನೋಡಿ. ಈ ಪ್ರಿಂಟರು ತನ್ನ ಫರ್ಮ್‌ವೇರನ್ನು ಉಳಿಸಿಟ್ಟುಕೊಳ್ಳುವುದಿಲ್ಲ. ಸ್ವಿಚ್ ಆರಿಸಿದರೆ ಅದು ಅಳಿಸಿಹೋಗುತ್ತದೆ. ಮತ್ತೆ ಹಾಕಿದಾಗಲೆಲ್ಲ ಕಂಪ್ಯೂಟರ್ ಅದನ್ನು ಯುಎಸ್‌ಬಿ ತಂತಿಯಲ್ಲಿ ಹೊಸದಾಗಿ ಕಳಿಸಿಕೊಡಬೇಕು, ಆಮೇಲಷ್ಟೇ ಪ್ರಿಂಟರಿಗೆ ಎಚ್ಚರ. ಪುಟವನ್ನು ಚುಕ್ಕಿಗಳಾಗಿ ಒಡೆದು ಒತ್ತಿ ಕಳಿಸುವ ಕೆಲಸವೂ ಕಂಪ್ಯೂಟರಿನದೇ. ಅಂದರೆ ಪ್ರಿಂಟರಿನ ಅರ್ಧ ಬುದ್ಧಿ ಪ್ರಿಂಟರಿನಲ್ಲಿಲ್ಲ, ಡ್ರೈವರಿನಲ್ಲಿದೆ. ಹೊಸ ಆಪರೇಟಿಂಗ್ ಸಿಸ್ಟಮ್ ಬಂದು ಹಳೆಯ ಡ್ರೈವರ್ ಅದರಲ್ಲಿ ಕೂರದೆ ಹೋದರೆ, ರೋಲರ್, ಫ್ಯೂಸರ್, ಕಾರ್ಟ್ರಿಜ್ ಎಲ್ಲ ಸರಿಯಿದ್ದೂ ಮೇಜಿನ ಮೇಲೆ ಉಳಿಯುವುದು ಒಂದು ಪ್ಲಾಸ್ಟಿಕ್ ಡಬ್ಬ. ಲಿನಕ್ಸ್‌ನಲ್ಲಿ ಫರ್ಮ್‌ವೇರ್ ಕಳಿಸುವುದನ್ನೂ ಪುಟ ಒಡೆಯುವುದನ್ನೂ ಮಾಡಿಕೊಡುವ ಮುಕ್ತ ಡ್ರೈವರ್ ಇದೆ. ಬರೆದದ್ದು ಸ್ವಯಂಸೇವಕರು.

ಕ್ಯಾನನ್ 2900ರದು ಇನ್ನೂ ಕಠಿಣ ಕಥೆ. ಅದರ ಭಾಷೆ ಕಂಪನಿಯದೇ ಸ್ವಂತದ್ದು. ಲಿನಕ್ಸ್‌ಗೆ ಕಂಪನಿ ಡ್ರೈವರ್ ಕೊಟ್ಟಿತಾದರೂ ಅದರ ತಿರುಳಿಗೆ ಮೂಲ ಕೋಡ್ ಕೊಡಲಿಲ್ಲ. ಆಗ ಕೆಲವರು ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ಓಡಾಡುವ ಬೈಟುಗಳನ್ನು ಹಿಡಿದು ಓದತೊಡಗಿದರು. ಯಾವ ಸಂಕೇತಕ್ಕೆ ಕಾಗದ ಎಳೆದುಕೊಳ್ಳುತ್ತದೆ, ಟ್ರೇ ಖಾಲಿಯಾದಾಗ ಏನು ಉತ್ತರ ಕೊಡುತ್ತದೆ, ಪುಟದ ಚುಕ್ಕಿಗಳನ್ನು ಹೇಗೆ ಒತ್ತಿ ಚಿಕ್ಕದು ಮಾಡಿರುತ್ತದೆ ಎಂದು ಒಂದೊಂದಾಗಿ ಬಿಡಿಸಿದರು. ಕೈಪಿಡಿ ಇಲ್ಲದೆ, ಸಂಬಳ ಇಲ್ಲದೆ, ಕಂಪನಿಯ ಒಂದು ಮಾತಿನ ನೆರವೂ ಇಲ್ಲದೆ ಈ ಕೆಲಸ ನಡೆಯಿತು. ಇದನ್ನು ಹವ್ಯಾಸ ಎಂದು ಕರೆಯುವವರು ಟೆಫ್ಲಾನ್ ಬದಲಿಸುವ ಹುಡುಗನದೂ ಹವ್ಯಾಸವೇ ಎಂದು ಹೇಳಬೇಕಾಗುತ್ತದೆ. ಇಬ್ಬರೂ ಮಾಡುತ್ತಿರುವುದು ಒಂದೇ ಯಂತ್ರದ ರಿಪೇರಿ.

ಈಗ ‘ಯಾರೂ ಬಳಸುವುದಿಲ್ಲ’ ಎಂಬ ಮಾತಿಗೆ ಬರುತ್ತೇನೆ, ಏಕೆಂದರೆ ಉಳಿದ ವಾದಗಳೆಲ್ಲ ನಿಂತಿರುವುದು ಇದರ ಮೇಲೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ ತನ್ನ ಬಳಕೆದಾರರನ್ನು ಎಣಿಸುವುದಿಲ್ಲ. ಯಾವ ಮನೆಯಲ್ಲಿ, ಯಾವ ಆಸ್ಪತ್ರೆಯಲ್ಲಿ ಯಾವ ಕಾರ್ಡ್ ಇದೆ ಎಂದು ಅದು ಯಾರಿಗೂ ವರದಿ ಕಳಿಸುವುದಿಲ್ಲ. ಒಳ್ಳೆಯದೇ, ಕಳಿಸಬಾರದು. ಆದರೆ ಹಾಗಿದ್ದಾಗ ಬಳಕೆ ಇಲ್ಲ ಎಂದು ಗೊತ್ತಾಗುವುದು ಹೇಗೆ? ವರ್ಷಗಟ್ಟಲೆ ಯಾರೂ ದೂರಲಿಲ್ಲ, ಯಾರೂ ತಿದ್ದುಪಡಿ ಕಳಿಸಲಿಲ್ಲ ಎಂಬುದರಿಂದ. ದೂರುವವರು ಯಾರು? ಇಂಗ್ಲಿಷಿನಲ್ಲಿ ಬರೆಯಬಲ್ಲವರು, ಹೊಸ ಕರ್ನೆಲ್ ಬಂದ ವಾರವೇ ಹಾಕಿಕೊಳ್ಳುವವರು, ದೋಷ ಕಂಡರೆ ಎಲ್ಲಿ ಹೇಳಬೇಕೆಂದು ಬಲ್ಲವರು. ಹಳೆಯ ಯಂತ್ರ ಇರುವುದು ಇವರ ಬಳಿ ಅಲ್ಲ. ಅದಿರುವ ಅಂಗಡಿಯವನು, ಶಾಲೆಯ ಮೇಷ್ಟ್ರು, ಲ್ಯಾಬ್ ಸಹಾಯಕ ಐದು ವರ್ಷಕ್ಕೊಮ್ಮೆ ಸಿಸ್ಟಮ್ ಬದಲಿಸುತ್ತಾರೆ. ಬದಲಿಸಿದ ದಿನ ಪ್ರಿಂಟರ್ ನಿಂತುಹೋದರೆ ಅವರು ದೂರುವುದಿಲ್ಲ, ಪ್ರಿಂಟರೇ ಕೆಟ್ಟಿತು ಅಂದುಕೊಳ್ಳುತ್ತಾರೆ. ಈ ಮೌನವನ್ನು ಗೈರುಹಾಜರಿ ಎಂದು ಓದುವುದು ದೊಡ್ಡ ಪ್ರಮಾದ.

ಫ್ಲಾಪಿಯ ಉದಾಹರಣೆ ನೋಡಿ. 2019ರ ಜುಲೈನಲ್ಲಿ ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್‌ನ ಫ್ಲಾಪಿ ಡ್ರೈವರನ್ನು ದಿಕ್ಕಿಲ್ಲದ್ದು ಎಂದು ಗುರುತು ಹಾಕಿದರು. ಅದನ್ನು ನೋಡಿಕೊಳ್ಳುತ್ತಿದ್ದವರ ಬಳಿ ಪರೀಕ್ಷಿಸಲು ಚಾಲೂ ಇರುವ ಫ್ಲಾಪಿ ಡ್ರೈವ್ ಉಳಿದಿರಲಿಲ್ಲ. ಫ್ಲಾಪಿಯ ಕಾಲ ಮುಗಿಯಿತು ಎಂದು ಸುದ್ದಿಯಾಯಿತು. ಆದರೆ ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಮೆಟ್ರೊ ರೈಲುಗಳ ನಿಯಂತ್ರಣ ವ್ಯವಸ್ಥೆ ಐದೂಕಾಲು ಇಂಚಿನ ಫ್ಲಾಪಿಗಳಿಂದಲೇ ಶುರುವಾಗುತ್ತಿತ್ತು. 1998ರಲ್ಲಿ ಹಾಕಿದ್ದ ಆ ವ್ಯವಸ್ಥೆಯನ್ನು ಬದಲಿಸುವ ಗುತ್ತಿಗೆಗೆ ನಗರ ಒಪ್ಪಿಗೆ ಕೊಟ್ಟದ್ದು 2024ರಲ್ಲಿ, ಅದೂ 21 ಕೋಟಿ ಡಾಲರಿಗೂ ಹೆಚ್ಚು ಮೊತ್ತಕ್ಕೆ. ಜಪಾನ್ ಸರ್ಕಾರ ತನ್ನ ನಿಯಮಗಳಿಂದ ಫ್ಲಾಪಿಯನ್ನು ಬಹುತೇಕ ಪೂರ್ತಿ ತೆಗೆದದ್ದೂ 2024ರಲ್ಲಿಯೇ. ಆ ರೈಲುಗಳು ಲಿನಕ್ಸಿನಲ್ಲಿ ಓಡುತ್ತಿದ್ದವು ಎಂದು ನಾನು ಹೇಳುತ್ತಿಲ್ಲ. ಲ್ಯಾಪ್‌ಟಾಪಿನಲ್ಲಿ ಕಾಣಿಸದ ವಸ್ತು ಲೋಕದಲ್ಲೇ ಇಲ್ಲ ಎಂದು ತೀರ್ಮಾನಿಸುವ ಅಭ್ಯಾಸ ಎಷ್ಟು ಅಪಾಯಕಾರಿ ಎಂದು ಹೇಳುತ್ತಿದ್ದೇನೆ. ಲಿನಕ್ಸಿನ ಫ್ಲಾಪಿ ಡ್ರೈವರ್ ಕೂಡ ಸಾಯಲಿಲ್ಲ. ಡೆನಿಸ್ ಎಫ್ರೆಮೊವ್ ಎಂಬ ಡೆವಲಪರ್ ಅದರ ಹೊಣೆ ಹೊತ್ತರು.

ಹೊರೆಯ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಕರ್ನೆಲ್ ಹೊರಗಿನ ಪ್ರೋಗ್ರಾಮುಗಳಿಗೆ ಕೊಟ್ಟ ಮಾತನ್ನು ಮುರಿಯುವುದಿಲ್ಲ, ಆದರೆ ಅದರ ಒಳಗಿನ ಏರ್ಪಾಡು ಯಾವಾಗ ಬೇಕಾದರೂ ಬದಲಾಗಬಹುದು. ಹಾಗೆ ಬದಲಿಸಿದವರೇ ಅದನ್ನು ನಂಬಿದ ಎಲ್ಲ ಡ್ರೈವರುಗಳನ್ನೂ ತಿದ್ದಿಕೊಡಬೇಕು ಎಂಬುದು ಅಲ್ಲಿನ ಕಟ್ಟಳೆ. ಕೈಯಲ್ಲಿ ಯಂತ್ರವಿಲ್ಲದೆ, ಪರೀಕ್ಷಿಸುವ ದಾರಿಯಿಲ್ಲದೆ, ಮೂವತ್ತು ವರ್ಷದ ಹಿಂದೆ ಯಾರೋ ಬರೆದ ಕೋಡನ್ನು ತಿದ್ದುವುದು ನಿಜಕ್ಕೂ ಕಷ್ಟ. ಅದು ಗೊತ್ತಿದ್ದೇ ಈ ಮಾತು ಹೇಳುತ್ತಿದ್ದೇನೆ: ಹೊರೆಯ ಲೆಕ್ಕವನ್ನು ಹಾಕುವುದಾದರೆ ಪೂರ್ತಿ ಹಾಕೋಣ. ಫ್ಲಾಪಿ ಡ್ರೈವರಿನದು ಸುಮಾರು 5 ಸಾವಿರ ಸಾಲು. 2020ರ ಹೊತ್ತಿಗೆ ಎಎಮ್‌ಡಿ ಕಂಪನಿಯ ಗ್ರಾಫಿಕ್ಸ್ ಡ್ರೈವರ್ ಒಂದೇ ಇಡೀ ಕರ್ನೆಲ್‌ನ ಸಾಲುಗಳಲ್ಲಿ ಹತ್ತನೇ ಒಂದು ಪಾಲಿನಷ್ಟಿತ್ತು, ಅಂದರೆ ಇಪ್ಪತ್ತು ಲಕ್ಷಕ್ಕೂ ಮೇಲೆ. ಅದರಲ್ಲಿ ಬಹುಪಾಲು ಯಂತ್ರವೇ ಬರೆದುಕೊಟ್ಟ ರಿಜಿಸ್ಟರ್ ಪಟ್ಟಿಗಳು ನಿಜ. ಹಾಗಿದ್ದೂ ಕೋಡಿನ ಗಾತ್ರದ ಬಗ್ಗೆ ಗೊಣಗಾಟ ಏಳುವುದು ಮಾತ್ರ ಹಳೆಯ ನೆಟ್‌ವರ್ಕ್ ಕಾರ್ಡಿನ ಎರಡು ಸಾವಿರ ಸಾಲಿನ ಮೇಲೆ. ಒಂದೇ ಬಗೆಯ ತಿದ್ದುಪಡಿಯನ್ನು ಸಾವಿರಾರು ಡ್ರೈವರುಗಳಲ್ಲಿ ಒಟ್ಟಿಗೆ ಮಾಡಿಕೊಡಲು ಜೂಲಿಯಾ ಲಾವಾಲ್ ಮತ್ತು ಸಂಗಡಿಗರು ಕಾಕ್ಸಿನೆಲ್ ಎಂಬ ಸಾಧನವನ್ನು ಕಟ್ಟಿದ್ದಾರೆ, ಕರ್ನೆಲ್ ಅದನ್ನು ವರ್ಷಗಳಿಂದ ಬಳಸುತ್ತಿದೆ. ಹೊರೆ ಇಳಿಸುವ ದಾರಿಗಳಿವೆ.

ನಿಜವಾದ ವ್ಯತ್ಯಾಸ ಇರುವುದು ಸಂಬಳದಲ್ಲಿ. ಇವತ್ತು ಕರ್ನೆಲ್ ಕೆಲಸದ ಬಹುಪಾಲನ್ನು ಮಾಡುವವರು ಯಾವುದಾದರೂ ಕಂಪನಿಯ ನೌಕರರು. ಹೊಸ ಚಿಪ್ಪಿಗೆ ಡ್ರೈವರ್ ಬರೆಸಲು ಅದನ್ನು ಮಾರುವ ಕಂಪನಿ ದುಡ್ಡು ಕೊಡುತ್ತದೆ. ಮಾರಿ ಮುಗಿದ ಚಿಪ್ಪಿಗೆ ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ. ಹೊಸದು ಹೊರೆಯಾಗಿ ಕಾಣದಿರುವುದಕ್ಕೂ ಹಳತು ಹೊರೆಯಾಗಿ ಕಾಣುವುದಕ್ಕೂ ಕಾರಣ ಇದು. ಇದನ್ನು ತಾಂತ್ರಿಕ ಸತ್ಯ ಎಂಬಂತೆ ಹೇಳುವುದನ್ನು ನಿಲ್ಲಿಸಬೇಕು.

ಹಳತನ್ನು ಉಳಿಸುವುದೆಂದರೆ ಹಳೆಯ ಕೋಡನ್ನು ಹಾಗೇ ತಬ್ಬಿಕೊಂಡು ಕೂರುವುದಲ್ಲ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಗ್ರಾಫಿಕ್ಸ್ ಲೋಕದಲ್ಲಿದೆ. ಲಿನಕ್ಸಿನ ಗ್ರಾಫಿಕ್ಸ್ ತಂತ್ರಾಂಶವಾದ ಮೆಸಾದಿಂದ 2021ರ ಡಿಸೆಂಬರ್‌ನಲ್ಲಿ ಹಳೆಯ ಕಾಲದ ಡ್ರೈವರುಗಳ ಒಂದು ಗುಂಪನ್ನೇ ಮುಖ್ಯ ದಾರಿಯಿಂದ ತೆಗೆದು ಬೇರೆ ಶಾಖೆಗೆ ಸರಿಸಿದರು. ಆದರೆ ಅದಕ್ಕೂ ಮೊದಲೇ, ಅದೇ ವರ್ಷ, ಡೇವ್ ಏರ್ಲಿ 2006ರಿಂದ ಹ್ಯಾಸ್‌ವೆಲ್ ತಲೆಮಾರಿನ ತನಕದ ಇಂಟೆಲ್ ಚಿಪ್ಪುಗಳಿಗೆ ಕ್ರೋಕಸ್ ಎಂಬ ಹೊಸ ಡ್ರೈವರನ್ನು ಇವತ್ತಿನ ಚೌಕಟ್ಟಿನಲ್ಲಿ ಬರೆದಿಟ್ಟಿದ್ದರು. ಹಳೆಯ ಕೋಡ್ ಹೋಯಿತು, ಹಳೆಯ ಲ್ಯಾಪ್‌ಟಾಪುಗಳು ಉಳಿದವು. 2002ರಲ್ಲಿ ಬಂದ ರೇಡಿಯಾನ್ ತಲೆಮಾರಿನ ಆರ್300 ಡ್ರೈವರಿಗೆ ಇಪ್ಪತ್ತು ವರ್ಷ ಕಳೆದ ಮೇಲೂ ಸುಧಾರಣೆಗಳು ಬರುತ್ತಲೇ ಇವೆ. 2012ರ ರೇಡಿಯಾನ್ ಎಚ್‌ಡಿ 7000 ಸರಣಿಯ ಕಾರ್ಡುಗಳನ್ನು ಎಎಮ್‌ಡಿಯ ಹೊಸ ಡ್ರೈವರಿನ ಅಡಿಗೆ ತರಲು ಬೇಕಾದ ಬಾಕಿ ಕೆಲಸವನ್ನು 2025ರಲ್ಲಿ ತಿಮೂರ್ ಕ್ರಿಸ್ಟೋಫ್ ಮಾಡಿ ಮುಗಿಸಿದರು. ಅವರಿಗೆ ಹಣ ಕೊಟ್ಟದ್ದು ಆ ಕಾರ್ಡನ್ನು ಮಾರಿದ ಕಂಪನಿಯಲ್ಲ, ಆಟಗಳನ್ನು ಮಾರುವ ವಾಲ್ವ್.

ರೇಡಿಯಾನ್ ಕಾರ್ಡುಗಳಿಗೆ ಇದು ಸಾಧ್ಯವಾದದ್ದು ಎಎಮ್‌ಡಿ 2007ರಲ್ಲೇ ತನ್ನ ಗ್ರಾಫಿಕ್ಸ್ ಚಿಪ್ಪುಗಳ ದಾಖಲೆ ಬಿಡುಗಡೆ ಮಾಡತೊಡಗಿದ್ದರಿಂದ. ಎನ್ವಿಡಿಯಾದ ಕಡೆ ನೋಡಿದರೆ ಬೇರೆಯೇ ಚಿತ್ರ. 2014ರ ಎರಡನೇ ತಲೆಮಾರಿನ ಮ್ಯಾಕ್ಸ್‌ವೆಲ್‌ನಿಂದ ಶುರುವಾಗಿ ಆ ಕಾರ್ಡುಗಳು ಕಂಪನಿಯ ಡಿಜಿಟಲ್ ಸಹಿ ಇರುವ ಫರ್ಮ್‌ವೇರನ್ನು ಮಾತ್ರ ಒಪ್ಪುತ್ತವೆ. ಕಾರ್ಡಿನ ವೇಗವನ್ನು ಏರಿಸಿ ಇಳಿಸುವ ಬೀಗದಕೈ ಅದರೊಳಗಿದೆ. ಹಾಗಾಗಿ ನೂವೋ ಎಂಬ ಮುಕ್ತ ಡ್ರೈವರಿನಲ್ಲಿ ಇಂಥ ಮ್ಯಾಕ್ಸ್‌ವೆಲ್, ಪ್ಯಾಸ್ಕಲ್ ಕಾರ್ಡುಗಳು ಚಾಲೂ ಆದಾಗಿನ ಕನಿಷ್ಠ ವೇಗದಲ್ಲೇ ತೆವಳಬೇಕು. ಈ ತಲೆಮಾರುಗಳಿಗೆ 580ನೇ ಸರಣಿಯ ಡ್ರೈವರೇ ಕೊನೆಯದು ಎಂದು 2025ರಲ್ಲಿ ಕಂಪನಿ ಸಾರಿತು. ತಾನು ಕೈಬಿಟ್ಟ ಮೇಲೂ ಬೇರೆಯವರು ಎತ್ತಿಕೊಳ್ಳದ ಹಾಗೆ ಬೀಗ ಹಾಕಿಟ್ಟಿರುವುದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ. ಹಣ ಕೊಟ್ಟು ಕೊಂಡವನ ಸ್ವತ್ತು ಅದು.

ಭದ್ರತೆಯ ವಿಷಯಕ್ಕೆ ಬಂದರೆ, ಹಳೆಯ ಕೋಡಿನಲ್ಲಿ ತೂತುಗಳಿರುತ್ತವೆ ಎಂಬುದು ನಿಜ. ಆ ತೂತನ್ನು ಯಾರು ಮುಚ್ಚಬಲ್ಲರು ಎಂಬುದು ಮುಖ್ಯ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ತನ್ನ ತಿಂಗಳ ತಿದ್ದುಪಡಿಯಲ್ಲಿ ಅಗೀರ್ ಮೋಡೆಮ್ಮಿನ ಡ್ರೈವರನ್ನು ವಿಂಡೋಸಿನಿಂದ ತೆಗೆದುಹಾಕಿತು. ಬೇರೊಂದು ಕಂಪನಿ ಬರೆದ ಆ ಡ್ರೈವರ್ ವರ್ಷಗಳಿಂದ ವಿಂಡೋಸಿನ ಜೊತೆಯೇ ಬರುತ್ತಿತ್ತು, ಮೋಡೆಮ್ ಇಲ್ಲದವರ ಯಂತ್ರದಲ್ಲೂ ಕೂತಿರುತ್ತಿತ್ತು. ಅದರ ತೂತನ್ನು ದಾಳಿಕೋರರು ಆಗಲೇ ಬಳಸುತ್ತಿದ್ದರು. ತಿದ್ದಲಿಲ್ಲ, ಕಿತ್ತರು. ಅದನ್ನು ನಂಬಿದ್ದ ಫ್ಯಾಕ್ಸ್ ಮೋಡೆಮ್ಮುಗಳು ಅಂದಿನಿಂದ ನಿಂತವು. ಇದಕ್ಕೆ ಎದುರಾಗಿ ಲಿನಕ್ಸಿನ ಫ್ಲಾಪಿ ಡ್ರೈವರನ್ನು ಇಡಿ. 2019ರಲ್ಲಿ ಅದರಲ್ಲೂ ಭದ್ರತಾ ದೋಷಗಳು ಕಂಡವು. ಅವನ್ನು ಮುಚ್ಚಿದವರು ಅದೇ ಎಫ್ರೆಮೊವ್. ಕೋಡ್ ಎಲ್ಲರಿಗೂ ಕಾಣುತ್ತಿತ್ತು, ತಿದ್ದುವ ಹಕ್ಕು ಎಲ್ಲರಿಗೂ ಇತ್ತು, ತಿದ್ದಬಲ್ಲ ಒಬ್ಬರು ಸಿಕ್ಕರು. ಭದ್ರತೆಯ ಬಗ್ಗೆ ಕಾಳಜಿ ಇರುವವರು ಇಂಥವರನ್ನು ಬೆಂಬಲಿಸಬೇಕು. ಅವರ ಕೆಲಸವನ್ನೇ ಅಪಾಯ ಎನ್ನುವುದು ತಲೆಕೆಳಗಾದ ವಾದ.

ಅದೇ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಮ್ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರು ಅಥವಾ ಅದರ ಮುಂದಿನದಾಗಿರಬೇಕು. ಇದರಿಂದ 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದು ಎಂದು ಕ್ಯಾನಲಿಸ್ ಸಂಸ್ಥೆ 2023ರಲ್ಲೇ ಅಂದಾಜಿಸಿತ್ತು. ಈ ಯಂತ್ರಗಳಲ್ಲಿ ಹೆಚ್ಚಿನವು ಕೆಟ್ಟಿಲ್ಲ. ಇವುಗಳ ಮೇಲೆ ಇವತ್ತೇ ಲಿನಕ್ಸ್ ಹಾಕಿದರೆ ವೈಫೈ, ಧ್ವನಿ, ಪರದೆ, ಟಚ್‌ಪ್ಯಾಡ್ ಸಾಮಾನ್ಯವಾಗಿ ತಾವಾಗೇ ನಡೆಯುತ್ತವೆ. ಅದು ತಾನಾಗಿ ಒದಗಿದ್ದಲ್ಲ. ಹತ್ತು ಹದಿನೈದು ವರ್ಷದ ಹಿಂದಿನ ಡ್ರೈವರುಗಳನ್ನು ಪ್ರತಿ ಕರ್ನೆಲ್ ಆವೃತ್ತಿಯಲ್ಲೂ ಯಾರೋ ಜೀವಂತ ಇಟ್ಟುಕೊಂಡು ಬಂದಿದ್ದಾರೆ.

ಹಳೆಯ ಯಂತ್ರ ಹೆಚ್ಚು ಕರೆಂಟ್ ತಿನ್ನುತ್ತದೆ ಎಂಬ ವಾದ ಹಗಲೂ ರಾತ್ರಿ ಓಡುವ ಪೆಂಟಿಯಂ 4 ಕಾಲದ ಸರ್ವರಿಗೆ ಒಪ್ಪುತ್ತದೆ. ಅಂಥದ್ದನ್ನು ನಿಲ್ಲಿಸಿ ಎಂದು ನಾನೂ ಹೇಳುತ್ತೇನೆ. ದಿನಕ್ಕೆ ನಾಲ್ಕು ಗಂಟೆ ನಡೆಯುವ ಲ್ಯಾಪ್‌ಟಾಪಿಗೆ ಅದು ಒಪ್ಪುವುದಿಲ್ಲ. ಲ್ಯಾಪ್‌ಟಾಪು ತನ್ನ ಬಾಳಿನಲ್ಲಿ ಭೂಮಿಗೆ ಮಾಡುವ ಹಾನಿಯ ದೊಡ್ಡ ಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಯುರೋಪಿನಲ್ಲಿ ಬಳಕೆಯಲ್ಲಿರುವ ಫೋನು, ಲ್ಯಾಪ್‌ಟಾಪು, ವಾಷಿಂಗ್ ಮೆಷಿನ್, ವ್ಯಾಕ್ಯೂಮ್ ಕ್ಲೀನರುಗಳ ಆಯುಸ್ಸನ್ನು ಒಂದೇ ವರ್ಷ ಹೆಚ್ಚಿಸಿದರೆ 2030ರ ಹೊತ್ತಿಗೆ ವರ್ಷಕ್ಕೆ 40 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ ಎಂದು ಯುರೋಪಿಯನ್ ಎನ್ವಿರಾನ್‌ಮೆಂಟಲ್ ಬ್ಯೂರೋ 2019ರಲ್ಲಿ ಲೆಕ್ಕ ಕೊಟ್ಟಿತು. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ಉಳಿದದ್ದರಲ್ಲಿ ಬಹಳಷ್ಟನ್ನು ದೆಹಲಿಯ ಸೀಲಂಪುರದಂಥ ಕಡೆ ಕೈಗವಸೂ ಇಲ್ಲದ ಕೈಗಳು ಒಡೆದು, ಸುಟ್ಟು, ಆಸಿಡ್ಡಿನಲ್ಲಿ ಅದ್ದಿ ತಾಮ್ರ ತೆಗೆಯುತ್ತವೆ. ಡ್ರೈವರ್ ಕಿತ್ತುಹಾಕುವ ತೀರ್ಮಾನದ ಇನ್ನೊಂದು ತುದಿ ಇರುವುದು ಅಲ್ಲಿ.

ಎಲ್ಲವನ್ನೂ ಎಂದೆಂದಿಗೂ ಉಳಿಸಿ ಎಂದು ನಾನು ಕೇಳುತ್ತಿಲ್ಲ. 386 ಪ್ರೊಸೆಸರಿನ ಬೆಂಬಲವನ್ನು 2012ರ ಕೊನೆಯಲ್ಲಿ ತೆಗೆದದ್ದು ಸರಿಯೇ. ಅದಕ್ಕಾಗಿ ಇಡೀ ಕರ್ನೆಲ್‌ನ ಒಡಲಲ್ಲಿ ವಿಶೇಷ ಏರ್ಪಾಡು ಇಟ್ಟುಕೊಳ್ಳಬೇಕಿತ್ತು. ತನ್ನ ಮೂಲೆಯಲ್ಲಿ ತಾನಿರುವ, ಆ ಯಂತ್ರ ಇದ್ದರೆ ಮಾತ್ರ ಮೇಲೇಳುವ ಒಂದು ಮಾಡ್ಯೂಲಿನ ಪ್ರಶ್ನೆಯೇ ಬೇರೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಕಿತ್ತುಹಾಕುವವರಿಗೆ ಅನುಕೂಲ, ಆದರೆ ನ್ಯಾಯವಲ್ಲ. ಡ್ರೈವರ್ ಒಂದೇ ಉಳಿದರೆ ಸಾಲದು ಎಂಬುದನ್ನೂ ಒಪ್ಪುತ್ತೇನೆ. 32 ಬಿಟ್ ಲಿನಕ್ಸಿಗೆ ಫೈರ್‌ಫಾಕ್ಸ್ ಹೊಸ ಆವೃತ್ತಿಗಳು ಬರುವುದು ನಿಂತರೆ ಎಷ್ಟೋ ಹಳೆಯ ಯಂತ್ರಗಳು ಕ್ರಮೇಣ ಜಾಲದಿಂದ ದೂರವಾಗುತ್ತವೆ. ಅದು ಬೇರೆಯೇ ಹೋರಾಟ.

ಸ್ವಯಂಸೇವಕರು ದಣಿಯುತ್ತಾರೆ ಎಂಬುದು ಕೊನೆಯ ಆಕ್ಷೇಪ, ಅದಕ್ಕೆ ಮಾತ್ರ ನಾನು ಪೂರ್ತಿ ತಲೆಬಾಗುತ್ತೇನೆ. ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ, ಒಬ್ಬರೇ ಎಳೆಯುತ್ತಿದ್ದ ಎಕ್ಸ್‌ಝಡ್ ಯೋಜನೆಯ ನಿರ್ವಾಹಕರ ದಣಿವನ್ನೇ ಬಳಸಿಕೊಂಡು 2024ರಲ್ಲಿ ಅದರೊಳಗೆ ಹಿಂಬಾಗಿಲು ಇಟ್ಟದ್ದನ್ನು ನೋಡಿದ್ದೇವೆ. ಇದರಿಂದ ಹೊರಡುವ ತೀರ್ಮಾನ ಕೆಲಸ ನಿಲ್ಲಿಸಿ ಎಂಬುದಲ್ಲ, ಆ ಕೆಲಸಕ್ಕೆ ಕೂಲಿ ಕೊಡಿ ಎಂಬುದು. ಜರ್ಮನಿ 2022ರಲ್ಲಿ ಸಾವರಿನ್ ಟೆಕ್ ಫಂಡ್ ಎಂಬ ನಿಧಿ ಶುರುಮಾಡಿ ಮುಕ್ತ ತಂತ್ರಾಂಶಗಳ ನಿರ್ವಹಣೆಗೆ ಸರ್ಕಾರದ ಹಣ ಕೊಡುತ್ತಿದೆ. ಕರ್ನಾಟಕ ಸರ್ಕಾರ ಶಾಲೆ, ನಾಡಕಚೇರಿ, ನ್ಯಾಯಾಲಯಗಳಿಗೆ ಕಂಪ್ಯೂಟರು, ಪ್ರಿಂಟರುಗಳನ್ನು ಟೆಂಡರ್ ಕರೆದು ಕೊಳ್ಳುತ್ತದೆ. ಕೊಳ್ಳುವಾಗಲೇ ಒಂದು ಷರತ್ತು ಹಾಕಬಹುದು: ಬೆಂಬಲ ನಿಲ್ಲಿಸುವ ದಿನ ಡ್ರೈವರಿನ ಮೂಲ ಕೋಡನ್ನು, ಅದಾಗದಿದ್ದರೆ ಯಂತ್ರದ ತಾಂತ್ರಿಕ ದಾಖಲೆಯನ್ನು ಸಾರ್ವಜನಿಕರಿಗೆ ಬಿಟ್ಟುಕೊಡಬೇಕು. ಸಾವಿರಗಟ್ಟಲೆ ಯಂತ್ರ ಕೊಳ್ಳುವ ಗಿರಾಕಿ ಕೇಳಿದರೆ ಮಾರುವವರು ಕಿವಿಗೊಡುತ್ತಾರೆ.

ಅಲ್ಲಿಯವರೆಗೆ ಮಾಡಬಹುದಾದದ್ದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕೈಯಲ್ಲಿದೆ. ಡ್ರೈವರ್ ನೋಡಿಕೊಳ್ಳುವವರಿಗೆ ಅತಿ ಹೆಚ್ಚು ಕೊರತೆ ಇರುವುದು ಹಳೆಯ ಯಂತ್ರದ್ದು ಮತ್ತು ಅದರ ಮೇಲೆ ಪರೀಕ್ಷಿಸಿ ಹೇಳುವವರದ್ದು. ಲ್ಯಾಬಿನ ಮೂಲೆಯಲ್ಲಿ, ಡೆಡ್ ಸ್ಟಾಕ್ ಎಂದು ಬರೆದ ಕೋಣೆಯಲ್ಲಿ ಇಂಥ ಯಂತ್ರಗಳು ಹರಾಜಿಗೆ ಕಾದು ಕೂತಿವೆ. ಮುಕ್ತ ಪ್ರಿಂಟಿಂಗ್ ಯೋಜನೆಯಾದ ಓಪನ್‌ಪ್ರಿಂಟಿಂಗ್‌ನಲ್ಲಿ ಬೇಸಿಗೆಯ ಗೂಗಲ್ ಸಮ್ಮರ್ ಆಫ್ ಕೋಡ್ ಮೂಲಕ ಕೆಲಸ ಮಾಡಿದವರಲ್ಲಿ ಭಾರತದ ವಿದ್ಯಾರ್ಥಿಗಳು ಬಹಳ ಮಂದಿ, ಹಾಗಾಗಿ ದಾರಿ ಹೊಸದೇನಲ್ಲ. ಒಂದೊಂದು ಕಾಲೇಜು ಅಂಥ ಹತ್ತು ಯಂತ್ರಗಳನ್ನು ಮೇಜಿನ ಮೇಲಿಟ್ಟು ಪ್ರತಿ ಹೊಸ ಕರ್ನೆಲ್ ಬಂದಾಗ ಹಾಕಿ ನೋಡಲಿ. ಬರೆದು ಕಳಿಸಬೇಕಾದ್ದು ಹೆಚ್ಚೇನಿಲ್ಲ: ಯಂತ್ರದ ಮಾದರಿ, ಅದರ ಯುಎಸ್‌ಬಿ ಅಥವಾ ಪಿಸಿಐ ಐಡಿ, ಕರ್ನೆಲ್ ಆವೃತ್ತಿ, ಚಾಲೂ ಮಾಡಿದಾಗ ಬಂದ ಸಂದೇಶ, ಹಿಂದಿನ ಯಾವ ಆವೃತ್ತಿಯವರೆಗೆ ಸರಿಯಿತ್ತು ಎಂಬ ಒಂದು ಸಾಲು.